ಆಚೆ ಗೋಡೆ

ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ.
ಒರೆಸಿ ಇಡು ಅಂದ, ಇಟ್ಟೆ.
ಎಡಗೈ ಕೊಡು ಅಂದ, ಕೊಟ್ಟೆ.
ಹತ್ತೂ ಬೆರಳು ಮುಗಿದ ಮೇಲೆ
'ನಿನ್ನ ಕೈಯಲ್ಲಿ ಗೆರೆಯೇ ಇಲ್ಲವಲ್ಲಮ್ಮ' ಅಂದ,
ನಾನೇ ಎಲ್ಲೋ ಮರೆತು ಬಂದ ಹಾಗೆ.

ಎಲ್ಲಿ ಬಿಟ್ಟೆ ಅಂತ ನನಗೆ ಗೊತ್ತು.
ಶಿಡ್ಲಘಟ್ಟದ ಮೂರು ನೂಲು ಬಿಚ್ಚುವ ಮನೆಗಳಲ್ಲಿ,
ಕುದಿಯುವ ಬೇಸಿನ್ನಿನಲ್ಲಿ, ಗೂಡಿನ ಜೊತೆ.
ಮೂವತ್ತೆಂಟು ವರ್ಷ
ತುದಿ ಹುಡುಕುವುದೇ ಕೆಲಸ.
ತುದಿ ಸಿಕ್ಕರೆ ಎಳೆ, ಎಳೆ ಸಿಕ್ಕರೆ ಕೂಲಿ.
ಮೊಣಕೈವರೆಗೆ ನೀರಿನ ಹೆಂಗಸು ನಾನು,
ಮೊಣಕೈ ಮೇಲೆ ಒಣ ಸೀಮೆಯವಳು.

ಶಂಷಾದ್ ಪಕ್ಕದ ಬೇಸಿನ್ನಿನವಳು.
ಅವಳಪ್ಪ ಬಾವಿಯ ಹೂಳು ತೆಗೆಯುತ್ತಿದ್ದವರು,
ಎಂಟನೇ ವಯಸ್ಸಿಗೆ ಮಗಳನ್ನು ನೀರಿಗೆ ಎಸೆದು
'ಬಾ' ಅಂದಿದ್ದರಂತೆ.
ಆಮೇಲೆ ಬಾವಿಗಳು ಬತ್ತಿದವು,
ಅವಳ ಈಜೂ ಬತ್ತಿತು ಅಂದುಕೊಂಡಿದ್ದೆ.
ಹೋದ ವರ್ಷದ ಹಿಂಗಾರಿಗೆ
ದ್ಯಾವಪ್ಪನ ದ್ರಾಕ್ಷಿ ತೋಟದ ಬಾವಿ
ಹದಿನೆಂಟು ವರ್ಷದ ಕಸ, ಸುಟ್ಟ ಮೋಟಾರು, ಒಂದು ಸ್ಕೂಟರಿನ ಸೀಟು
ಎಲ್ಲವನ್ನೂ ಮುಳುಗಿಸಿಕೊಂಡು ತುಂಬಿ ನಿಂತಾಗ
ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಇಳಿದಳು.
ಅರವತ್ತಮೂರು ವರ್ಷದ ದೇಹ
ಎಲೆ ಬಿದ್ದಷ್ಟೂ ಸದ್ದು ಮಾಡದೆ
ಆಚೆ ಗೋಡೆ ಮುಟ್ಟಿ ತಿರುಗಿತು.

ನನಗೂ ಬೇಕು ಅಂದೆ.
ಹಸಿವಿನ ಹಾಗೆ ಬಂತು ಮಾತು.

ಈ ವಯಸ್ಸಲ್ಲಿ ಯಾಕೆ ಅಂದವರಿಗೆಲ್ಲ
'ಮಂಡಿನೋವು, ನೀರು ಒಳ್ಳೆಯದಂತೆ' ಅಂದೆ.
ಮಂಡಿ ಅಂದರೆ ಊರಿಗೆ ಅರ್ಥವಾಗುತ್ತದೆ.
ಇಷ್ಟು ವರ್ಷ ನೀರಲ್ಲೇ ಇದ್ದು
ಒಮ್ಮೆಯೂ ನೆನೆಯಲಿಲ್ಲ ಅಂದರೆ
ಯಾರಿಗೆ ಅರ್ಥವಾಗಬೇಕು?

ನಮ್ಮವರು ನಕ್ಕರು. ನಕ್ಕದ್ದಕ್ಕೆ ದಂಡವಾಗಿ
ತಮ್ಮದೇ ಹಳೇ ಅಂಗಿ ಕೊಟ್ಟರು.
ಬಾವಿಕಟ್ಟೆಯ ಮೇಲೆ ಬೆನ್ನು ಹಾಕಿ ಕೂತು
ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು
ಯಾರಾದರೂ ಬಂದರೆ ಕೆಮ್ಮುವುದು ಅವರ ಪಾಲಿನ ಕೆಲಸ.
ಮೊದಲ ವಾರ ಕೆಮ್ಮಿದ್ದೇ ಕೆಮ್ಮಿದ್ದು;
ಬಂದದ್ದು ಒಂದು ಎಮ್ಮೆ.

ಸೊಂಟಕ್ಕೆ ಎಣ್ಣೆ ಕ್ಯಾನು. ಮೂಗಿಗೆ ನೀರು. ಕಿವಿಗೆ ನೀರು.
ಬೈಗುಳ ಉರ್ದುವಿನಲ್ಲಿ, ಸಮಾಧಾನ ಕನ್ನಡದಲ್ಲಿ.
ಕಾಲು ಹೇಗೋ ಕಲಿತವು.
ಕೈಗಳದೇ ಕಷ್ಟ. ನೀರು ತಾಗಿದ್ದೇ
ಹಳೇ ಅಭ್ಯಾಸಕ್ಕೆ ಸರಕ್ಕನೆ ಎದ್ದುಬಿಡುತ್ತಿದ್ದವು.
'ಸುಡಲ್ಲ ಪಿಳ್ಳಮ್ಮ, ಬಿಡು,
ಅಲ್ಲೇ ಇಟ್ಟುಕೋ' ಅನ್ನುತ್ತಿದ್ದಳು.
ತಣ್ಣೀರು ತಣ್ಣಗಿರುತ್ತದೆ ಎಂದು
ನಂಬಲು ಅವಕ್ಕೆ ಹನ್ನೊಂದು ದಿನ ಬೇಕಾಯಿತು.

ಗೂಡು ಒಡೆದು ಚಿಟ್ಟೆಯಾದಳು ಅಂತ
ದಯವಿಟ್ಟು ಯಾರೂ ಬರೆಯಬೇಡಿ.
ನನ್ನ ಬೇಸಿನ್ನಿಗೆ ಬಿದ್ದ ಒಂದು ಹುಳುವೂ ಚಿಟ್ಟೆಯಾಗಲಿಲ್ಲ,
ನೋಡಿದವಳು ನಾನು.
ನಾನಾದದ್ದು ಕಪ್ಪೆ. ಅದೂ ಸುಮಾರಾದ ಕಪ್ಪೆ.

ಈ ಸೋಮವಾರ ಕ್ಯಾನು ಬಿಚ್ಚಿದಳು.
ಒಂಬತ್ತು ಮಾರು ಅಗಲ.
ನಡುನೀರಲ್ಲಿ ಕಾಲಿಗೆ ಏನೂ ಸಿಗಲಿಲ್ಲ, ಹಗ್ಗ ಸಡಿಲವಾಗಿತ್ತು,
ಕೆಳಗೆಲ್ಲೋ ಆ ಸ್ಕೂಟರಿನ ಸೀಟು.
ಒಂದು ಗಳಿಗೆ, ಸುಳ್ಳು ಯಾಕೆ,
ಸಾರಿಗೆ ಬೇಳೆ ಇದೆಯೋ ಇಲ್ಲವೋ ಅಂತ ಯೋಚಿಸಿದೆ.
ಆಮೇಲೆ ಕೈಗೆ ಕಲ್ಲು ತಾಗಿತು.
ಪಾಚಿ, ಜಾರು, ಗಟ್ಟಿ.
ಹೆಬ್ಬೆಟ್ಟು ಒತ್ತಿದೆ.
ಒಪ್ಪಿತು.

ಮೇಲೆ ನಮ್ಮವರು ಕೆಮ್ಮಿದರು.
ಯಾರೂ ಬಂದಿರಲಿಲ್ಲ.